ಆ್ಯಪ್ ಎಲ್ಲಾ ಸರಿ, ಯಾವ ಕುದುರೆ ಅಂತ ಮಾತ್ರ ಕೇಳಲ್ಲ

ಈ ಚೆಸ್ ಆ್ಯಪ್ ನಮ್ಮ ಫೋನಿಗೆ ಬಂದು ಇದು ಎರಡನೇ ಬೇಸಿಗೆ. ಎಂಜಿನ್ (ನಡೆ ಲೆಕ್ಕ ಹಾಕಿ ಆಡೋ ಪ್ರೋಗ್ರಾಮ್) ಎಷ್ಟು ಜೋರು, ಪಝಲ್ ಎಷ್ಟಿವೆ ಅಂತೆಲ್ಲ ಬೇರೆಯವರು ಬರೆದಾಗಿದೆ. ನಾನು ದುಡ್ಡು ಕೊಟ್ಟಿದ್ದು ಒಂದೇ ಕೆಲಸಕ್ಕೆ: ಮಗಳು ಆಡಿ ಬಂದ ಆಟಗಳನ್ನು ಫೋನಿಗೆ ಏರಿಸಿಡೋಕೆ.

ಭಾನುವಾರ ಬಳ್ಳಾರಿಗೋ ಹೊಸಪೇಟೆಗೋ ಟೂರ್ನಮೆಂಟಿಗೆ ಹೋದರೆ ಕೊಪ್ಪಳಕ್ಕೆ ವಾಪಸ್ ಬರೋದು ರಾತ್ರಿಯೇ. ಹಾಗಾಗಿ ಸೋಮವಾರ ಸಂಜೆ ಮಂಡಾಳು ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದು ಮನೆ ಮುಂದಿನ ಕಟ್ಟೆ ಮೇಲೆ ಕೂರುತ್ತೇವೆ. ಸ್ಕೋರ್‌ಶೀಟಿನ ಕಾರ್ಬನ್ ಪ್ರತಿ ಅವಳ ಕೈಯಲ್ಲಿ. ಅವಳು ಒಂದೊಂದೇ ನಡೆ ಓದುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಮಿರ್ಚಿ ತಿಂದ ಕೈ ತೊಳೆಯದೆ ಫೋನ್ ಮುಟ್ಟೋ ಹಾಗಿಲ್ಲ, ಅದು ಅವಳ ಕಾನೂನು. ಕರೆಂಟು ಹೋಗಲಿ, ನೆಟ್ ಹೋಗಲಿ, ಆ್ಯಪ್ ಪಾಡಿಗೆ ಅದು ನಡೆಯುತ್ತೆ. ಇದಕ್ಕೆ ಪೂರ್ತಿ ಮಾರ್ಕ್ಸ್.

ಸಿಟ್ಟು ಬಂದಿದ್ದು ನಡೆ ಬರೆಯೋ ರೀತಿ ವಿಷಯಕ್ಕೆ. ಆ್ಯಪ್ ತಾನಾಗಿಯೇ ಇಟ್ಟಿರೋದು ಗಿಡ್ಡ ರೂಪ, ಅಂದರೆ ಫಿಡೆ (ವಿಶ್ವ ಚೆಸ್ ಸಂಸ್ಥೆ) ಆಟಗಳಲ್ಲಿ ಮಕ್ಕಳು ಬರೆಯೋದೇ. ಬೋರ್ಡಿನ ಪ್ರತಿ ಮನೆಗೂ ಒಂದು ಹೆಸರು: ಎಯಿಂದ ಎಚ್ ತನಕ ಉದ್ದ ಸಾಲು, 1ರಿಂದ 8ರ ತನಕ ಅಡ್ಡ ಸಾಲು. ಕುದುರೆಗೆ 'ಎನ್' ಅಕ್ಷರ. ಕುದುರೆ ಎಫ್3ಗೆ ಹೋದರೆ 'ಎನ್‌ಎಫ್3', ಅಷ್ಟೇ. ಎಲ್ಲಿಂದ ಹೋಯಿತು ಅಂತ ಇರಲ್ಲ. ಒಂದು ಆಟದಲ್ಲಿ ಮಗಳ ಕುದುರೆಗಳು ಬಿ1 ಮತ್ತು ಎಫ್3ರಲ್ಲಿದ್ದವು. ಎರಡೂ ಡಿ2ಗೆ ಹೋಗಬಲ್ಲವು. ಅವಳು ಆಡಿದ್ದು ಎಫ್3ರದ್ದು. ಹೀಗಿದ್ದಾಗ 'ಎನ್‌ಎಫ್‌ಡಿ2' ಅಂತ ಒಂದಕ್ಷರ ಜಾಸ್ತಿ ಬರೀಬೇಕು. ಗಡಿಯಾರ ಓಡ್ತಿರುವಾಗ ಮಕ್ಕಳಿಗೆ ಇದು ಎಲ್ಲಿ ನೆನಪಿರುತ್ತೆ? ಶೀಟಿನಲ್ಲಿ 'ಎನ್‌ಡಿ2' ಅಂತಷ್ಟೇ ಇತ್ತು. ಆ್ಯಪ್ ಯಾವ ಕುದುರೆ ಅಂತ ಕೇಳಲೇ ಇಲ್ಲ, ಸುಮ್ನೆ ಬಿ1ರದ್ದನ್ನು ಎತ್ತಿ ಇಟ್ಟುಬಿಟ್ಟಿತು. ಸ್ವಲ್ಪ ನಡೆ ಆದಮೇಲೆ 'ಎನ್‌ಸಿ3' ಬಂತು. ಆ್ಯಪ್ ಬೋರ್ಡಿನ ಬಿ1ರಲ್ಲಿ ಕುದುರೆಯೇ ಇಲ್ಲವಲ್ಲ, ಕೆಂಪು ಬಣ್ಣದಲ್ಲಿ 'ತಪ್ಪು ನಡೆ' ಅಂದಿತು. "ಅಪ್ಪಾ, ನಾ ಬರೆದದ್ದು ಸರಿನೇ ಐತಿ" ಅಂತ ಇವಳು. ಎಡವಿದ್ದು ಒಂದು ಕಡೆ, ಆ್ಯಪ್ ತೋರಿಸ್ತಿದ್ದದ್ದು ಇನ್ನೊಂದು ಕಡೆ. ಹುಡುಕೋದರಲ್ಲಿ ಒಗ್ಗರಣೆ ಆರಿ ಹೋಯಿತು.

ಇದೇನು ಹೊಸ ಸಮಸ್ಯೆಯಲ್ಲ. 1990ರ ದಶಕದಲ್ಲಿ ಸ್ಟೀವನ್ ಎಡ್ವರ್ಡ್ಸ್ ಪಿಜಿಎನ್ (ಚೆಸ್ ಆಟಗಳನ್ನು ಕಂಪ್ಯೂಟರಿನಲ್ಲಿ ಉಳಿಸೋ ಫೈಲ್ ರೂಪ) ನಿಯಮ ಬರೆದಾಗಲೇ, ಎರಡು ಕಾಯಿ ಒಂದೇ ಮನೆಗೆ ಹೋಗೋ ಹಾಗಿದ್ದರೆ ಹೇಗೆ ಬರೀಬೇಕು ಅಂತ ಬಿಡಿಸಿ ಹೇಳಿದ್ದಾರೆ. ದುಡ್ಡು ತಗೊಳ್ಳೋ ಆ್ಯಪ್ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಆಮೇಲೆ ಸೆಟ್ಟಿಂಗ್ಸಿನಲ್ಲಿ ಉದ್ದ ರೂಪಕ್ಕೆ ಬದಲಾಯಿಸಿದೆ. 'ಜಿ1ಎಫ್3' ಅಂದರೆ ಜಿ1ರಿಂದ ಎಫ್3ಗೆ. 2000ದಲ್ಲಿ ಬಂದ ಯುಸಿಐ ಅನ್ನೋ, ಎಂಜಿನ್ ಮತ್ತು ಆ್ಯಪ್ ನಡುವಿನ ಮಾತಿನ ಪದ್ಧತಿಯಲ್ಲಿ ಎಂಜಿನ್‌ಗಳು ಮಾತಾಡೋದು ಹೀಗೇ. ಕೋಟೆ ಕಟ್ಟೋದು (ರಾಜ, ಆನೆ ಒಟ್ಟಿಗೆ ಸರಿಯೋ ನಡೆ) ಕೂಡ 'ಇ1ಜಿ1', ಗಿಡ್ಡ ರೂಪದ 'ಓ-ಓ'ದಲ್ಲಿರೋದು ಸೊನ್ನೆಯೋ ಓ ಅಕ್ಷರವೋ ಅನ್ನೋ ತಲೆನೋವೂ ಇಲ್ಲ. ಟೈಪ್ ಮಾಡೋದು ಜಾಸ್ತಿ, ನೋಡೋಕೂ ಚೆಂದ ಇಲ್ಲ. ಆದರೆ ಈಗ ಪ್ರತಿ ನಡೆಗೂ ಎಲ್ಲಿಂದ ಅಂತ ಅವಳನ್ನು ಕೇಳಲೇಬೇಕು. "ಎಫ್3ದಿಂದ ಬಂತಲ್ಲಪ್ಪಾ, ಎಫ್ ಪೇದೆ ಮುಂದ ಹಾಕಾಕ" ಅಂತ ಹೇಳುತ್ತಾಳೆ. ಯಾಕೆ ಆಡಿದಳು, ಎದುರಿನ ಹುಡುಗ ಆಗ ಹೇಗೆ ಮುಖ ಮಾಡಿದ, ಎಲ್ಲಾ ಹೊರಗೆ ಬರುತ್ತೆ. ಇದಕ್ಕಂತ ನಾನು ದುಡ್ಡು ಕೊಟ್ಟಿರಲಿಲ್ಲ.

ಒಂದು ಎಚ್ಚರಿಕೆ. ಕೋಚ್‌ಗೆ ವಾಟ್ಸಾಪ್ ಮಾಡುವಾಗ ಎಕ್ಸ್‌ಪೋರ್ಟ್‌ನಲ್ಲಿ ಗಿಡ್ಡ ರೂಪದ ಪಿಜಿಎನ್ ಅನ್ನೇ ಆರಿಸಿ. ಉದ್ದ ರೂಪದಲ್ಲಿ ಕಳಿಸಿದ ಫೈಲು ನಮ್ಮ ಕೋಚ್ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ.

ಐದಕ್ಕೆ ಮೂರು ಸ್ಟಾರ್. ಮನೆಯಲ್ಲಿ ನೆಟ್ ಸರಿಯಾಗಿ ಬರೋರು ಇದಕ್ಕೆ ದುಡ್ಡು ಹಾಕಬೇಡಿ, ಲಿಚೆಸ್ ಅನ್ನೋ ಪುಕ್ಕಟೆ ಚೆಸ್ ವೆಬ್‌ಸೈಟಿನ 'ಸ್ಟಡಿ' ಅನ್ನೋ ಭಾಗದಲ್ಲಿ ಬೆರಳಲ್ಲೇ ಕಾಯಿ ಎಳೆದು ಪುಕ್ಕಟೆ ಇದೇ ಕೆಲಸ ಮಾಡಬಹುದು. ನಮ್ಮ ಓಣಿಯಲ್ಲಿ ನೆಟ್‌ದು ನಂಬಿಕೆ ಇಲ್ಲ, ಹಾಗಾಗಿ ನಾನು ಇನ್ನೊಂದು ವರ್ಷಕ್ಕೆ ಕಟ್ಟಿದ್ದೇನೆ.