ದೇವದೂತೆಗೆ ಬಂಗಾರದ ಕಟ್ಟು ಹೊಂದಲಿಲ್ಲ

ಫಿನ್ಲೆಂಡಿನ ಕಲಾವಿದ ಹ್ಯೂಗೊ ಸಿಂಬರ್ಗ್ 1903ರಲ್ಲಿ ಬರೆದ ‘ಗಾಯಗೊಂಡ ದೇವದೂತೆ’ ಚಿತ್ರದ ಪ್ರತಿಯೊಂದನ್ನು ಮುದ್ರಿಸಿ ಕಟ್ಟು ಹಾಕಿಕೊಡಲು ಬೆಳಗಾವಿಯ ಒಂದು ಅಂಗಡಿಗೆ ಒಪ್ಪಿಸಿದ್ದೆ. ಹೇಳಿದ ದಿನಕ್ಕೇ ಕೆಲಸ ಮುಗಿದಿತ್ತು, ಕಟ್ಟಿನ ಮೂಲೆಗಳಲ್ಲಿ ಕೂದಲೆಳೆಯಷ್ಟೂ ಸಂದಿರಲಿಲ್ಲ. ಆದರೆ ಗೋಡೆಗೆ ತೂಗುಹಾಕಿ ಎದುರು ಕುಳಿತಾಗ ಅದು ನಾನು ಮೆಚ್ಚಿದ ಚಿತ್ರವಾಗಿರಲಿಲ್ಲ.

ಮೂಲಚಿತ್ರದಲ್ಲಿ ಇಬ್ಬರು ಹುಡುಗರು ಸ್ಟ್ರೆಚರಿನ ಮೇಲೆ ದೇವದೂತೆಯನ್ನು ಹೊತ್ತು ಸಾಗುತ್ತಾರೆ. ಅವಳ ಕಣ್ಣಿಗೆ ಬಿಳಿ ಪಟ್ಟಿ, ರೆಕ್ಕೆಯ ಮೇಲೆ ತುಸುವೇ ರಕ್ತ, ಕೈಯಲ್ಲಿ ಹಿಮ ಕರಗುವ ಹೊತ್ತಿಗೆ ಅರಳುವ ಪುಟ್ಟ ಬಿಳಿ ಹೂಗಳು. ಅವರು ನಡೆಯುತ್ತಿರುವುದು ಹೆಲ್ಸಿಂಕಿಯ ನಿಜವಾದ ಉದ್ಯಾನವೊಂದರ ಹಾದಿಯಲ್ಲಿ. ಆ ಭಾಗದಲ್ಲಿ ಅಂದು ಅಂಧ ಬಾಲಕಿಯರ ಶಾಲೆಯಿತ್ತೆಂಬುದನ್ನು ನೆನೆದರೆ ಆ ಪಟ್ಟಿ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಅರ್ಥವನ್ನು ಬಿಡಿಸಿ ಹೇಳಲು ಸಿಂಬರ್ಗ್ ಒಪ್ಪಲಿಲ್ಲ. ನನಗಂತೂ ಚಿತ್ರದ ಭಾವವೆಲ್ಲ ಅದರ ಮಂಕು ಬಣ್ಣದಲ್ಲಿ, ಹಿಂದಿನ ಹುಡುಗ ನೇರವಾಗಿ ನಮ್ಮತ್ತ ನೆಟ್ಟ ಆ ಮುನಿದ ನೋಟದಲ್ಲಿ ಅಡಗಿದೆ. ಹೂಗಳು ಚೇತರಿಕೆಯನ್ನು ಸೂಚಿಸುತ್ತವೆ ಎನ್ನುವವರಿದ್ದಾರೆ. ಆ ನೋಟದ ಮುಂದೆ ಅಷ್ಟು ಸುಲಭದ ಸಮಾಧಾನ ನನಗೆ ಸಿಗುವುದಿಲ್ಲ.

ಅಂಗಡಿಯವರು ಕಂಪ್ಯೂಟರಿನಲ್ಲಿ ಬಣ್ಣ ಏರಿಸಿದ್ದರಿಂದ ಬೂದು ನೀರು ನೀಲಿಯಾಗಿತ್ತು, ರೆಕ್ಕೆಯ ರಕ್ತ ಕುಂಕುಮದಂತೆ ಎದ್ದು ಕಾಣುತ್ತಿತ್ತು. 154 ಸೆಂ.ಮೀ. ಅಗಲ, 127 ಸೆಂ.ಮೀ. ಎತ್ತರದ ಚಿತ್ರವನ್ನು 24 ಇಂಚಿಗೆ 18ರ ಸಿದ್ಧ ಅಳತೆಗೆ ಕೂಡಿಸಲು ಸುಮಾರು ಎರಡು ಇಂಚು ಕತ್ತರಿಸಿದ್ದರು, ಅದೂ ಕೆಳಗಿನಿಂದ. ಕಾಲೂರಲು ನೆಲವಿಲ್ಲದೆ ಹುಡುಗರ ಹೊರೆಯ ಭಾರವೇ ಇಳಿದುಹೋಗಿತ್ತು. ಮೇಲೊಂದು ಬಳ್ಳಿ ಕೆತ್ತಿದ ಬಂಗಾರದ ಕಟ್ಟು. ಕೇಳಿದರೆ ಮಾಲೀಕರು, “ರೆಕ್ಕಿ ಅದಾವಲ್ರಿ, ದೇವರ ಫೋಟೊ ಅಂತ ತಿಳದ್ವಿ” ಎಂದರು. ತಪ್ಪು ನನ್ನದೂ ಹೌದು, ಮೊದಲೇ ವಿವರಿಸಿರಲಿಲ್ಲ.

ತಕರಾರಿಲ್ಲದೆ ಮರುಮುದ್ರಣ ಮಾಡಿ, ನುಣುಪಾದ ಸಾಗವಾನಿ ಕಟ್ಟು ಹಾಕಿ, ಚಿತ್ರಕ್ಕೂ ಕಟ್ಟಿಗೂ ನಡುವೆ ಸುತ್ತಲೂ ಎರಡು ಇಂಚಿನ ಮಾಸಲು ಬಿಳಿ ರಟ್ಟಿನ ಅಂಚು (ಮೌಂಟ್) ಬಿಟ್ಟುಕೊಟ್ಟರು. ಹೆಚ್ಚುವರಿ ಮರದ ದರವನ್ನಷ್ಟೇ ತೆಗೆದುಕೊಂಡರು. ಕೊಡುವಾಗ ಮಾಲೀಕರು ಒಂದು ಗಳಿಗೆ ನೋಡಿ, “ಈ ಹುಡುಗ ನಮ್ಮ ಮ್ಯಾಲ ಯಾಕ ಸಿಟ್ಟಾಗ್ಯಾನ್ರಿ?” ಎಂದು ಕೇಳಿದರು. ಬಣ್ಣ ಈ ಸಲ ಸರಿಬಂದಿದೆ ಎಂಬುದಕ್ಕೆ ನನಗೆ ಅದೇ ಸಾಕಾಯಿತು. ಒಂದು ಕೊರತೆ ಮಾತ್ರ ಉಳಿದಿದೆ: ಬೆಳಕು ಪ್ರತಿಫಲಿಸದ ಗಾಜು ಅವರಲ್ಲಿಲ್ಲ, ಸಂಜೆ ಟ್ಯೂಬ್‌ಲೈಟಿನ ಗೆರೆ ಸರಿಯಾಗಿ ದೇವದೂತೆಯ ಕಣ್ಣುಪಟ್ಟಿಯ ಮೇಲೆಯೇ ಬೀಳುತ್ತದೆ.