‘ಪಕ್ಕಾ ನಾಟಿ, ಲಸಿಕೆ ಎಲ್ಲಾ ಆಗಿದೆ’ ಅಂದವರ ಹತ್ತಿರ ಕೋಳಿ ತಗೊಂಡು ಕೆಟ್ಟೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಮನೆಯಲ್ಲಿ 26 ಕೋಳಿ ಇದ್ದವು. ಹೊಸದಾಗಿ 10 ತಂದೆ. ಎರಡು ವಾರ ಕಳೆಯುವಷ್ಟರಲ್ಲಿ ಉಳಿದದ್ದು 3.

ನಮ್ಮೂರು ಆನಗೋಡು ದಾಟಿ ಭರಮಸಾಗರದ ಕಡೆ ಬರುತ್ತದೆ. ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಊರಲ್ಲಿ ಒಂದೂವರೆ ಎಕರೆ ಜಮೀನು, ಅದರಲ್ಲಿ ಮೆಕ್ಕೆಜೋಳ, ಬದುವಿನಲ್ಲಿ ಒಂದಿಷ್ಟು ತೆಂಗು. ಕೋಳಿ ಹಿತ್ತಲಲ್ಲಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಅಂಗಡಿಗೆ ಹೋಗುವುದು, ಸಂಜೆ ಬಂದು ಎಣಿಸಿ ಮುಚ್ಚುವುದು, ಇಷ್ಟೇ ನನ್ನ ಕೆಲಸ. ನಿಜವಾಗಿ ಸಾಕಿದವಳು ಅವ್ವ. ಮದುವೆಯಾಗಿ ಬರುವಾಗ ಜಗಳೂರು ಕಡೆಯ ತವರಿಂದ ಮಂಕರಿಯಲ್ಲಿ ಒಂದು ಹೇಂಟೆ ತಂದಿದ್ದಳಂತೆ. ಕಪ್ಪು ಮೈ, ಕುತ್ತಿಗೆಯ ಸುತ್ತ ಜೇನಿನ ಬಣ್ಣ. ನಮ್ಮ ಕೋಳಿಗಳಲ್ಲಿ ಅರ್ಧಕ್ಕರ್ಧ ಅದೇ ಬಣ್ಣದವು. ಅದರ ಮರಿಮೊಮ್ಮಕ್ಕಳೇ ಇವೆಲ್ಲ ಅಂತ ಅವ್ವನ ವಾದ. ನಾವ್ಯಾರೂ ಇಲ್ಲ ಅನ್ನಲಿಲ್ಲ.

ಶಿವರಾತ್ರಿ ಕಳೆದ ಮೊದಲ ಭಾನುವಾರ. ಮೈಕಿನಲ್ಲಿ ಕೂಗಿಕೊಂಡು ಒಂದು ಗೂಡ್ಸ್ ಆಟೋ ಬಂತು. ಹಿಂದೆ ಪ್ಲಾಸ್ಟಿಕ್ ಕ್ರೇಟುಗಳು, ಅದರ ತುಂಬ ಬಣ್ಣಬಣ್ಣದ ಕೋಳಿಮರಿ. ‘ನಲವತ್ತೈದು ದಿನದ ಮರಿ ಸಾರ್, ಪಕ್ಕಾ ನಾಟಿ, ಇಂಜೆಕ್ಷನ್ ಎಲ್ಲಾ ಆಗಿದೆ, ಇನ್ನು ನೀವು ಕಾಳು ಹಾಕಿದ್ರೆ ಸಾಕು.’ ಒಂದಕ್ಕೆ 180 ಅಂದ. ಚೌಕಾಸಿ ಮಾಡಿ 150ಕ್ಕೆ ಹತ್ತು ತಗೊಂಡೆ. ಮೂವತ್ತು ರೂಪಾಯಿ ಇಳಿಸಿದ ಖುಷಿಯಲ್ಲಿ ನಾನು ಮರಿಗಳನ್ನು ಸರಿಯಾಗಿ ನೋಡಲೇ ಇಲ್ಲ.

ನೋಡಿದ್ದರೆ ಕಾಣುತ್ತಿತ್ತು. ಎರಡು ಮರಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿದ್ದವು. ಒಂದು ಕಣ್ಣು ಮುಚ್ಚಿ ತೂಕಡಿಸುತ್ತಿತ್ತು. ಕೇಳಿದ್ದಕ್ಕೆ ‘ರಾತ್ರಿಯೆಲ್ಲಾ ಗಾಡಿ ಮೇಲಿದ್ವಲ್ಲ ಸಾರ್, ಸುಸ್ತಾಗ್ಯಾವೆ, ನೀರು ಕುಡಿದ್ರೆ ಸರಿಹೋಗ್ತಾವೆ’ ಅಂದ. ಒಂದರ ಹಿಂಭಾಗದ ಪುಕ್ಕಕ್ಕೆ ಹಸಿರು ಹಸಿರಾಗಿ ಹಿಕ್ಕೆ ಅಂಟಿಕೊಂಡಿತ್ತು. ಅದನ್ನು ಅವ್ವ ಕಂಡಳು. ‘ಇದು ಬ್ಯಾಡ, ಬೇರೆದು ಕೊಡಪ್ಪ’ ಅಂದಳು. ಆತ ಅದೇ ಕ್ರೇಟಿನಿಂದ ಇನ್ನೊಂದು ತೆಗೆದುಕೊಟ್ಟ. ಕ್ರೇಟಿಗೇ ರೋಗ ಇದ್ದರೆ ಮರಿ ಬದಲಾಯಿಸಿ ಏನು ಪ್ರಯೋಜನ, ಅಲ್ವಾ? ಇದು ಈಗ ಹೊಳೆಯುತ್ತದೆ.

ಆಮೇಲೆ ಮಾಡಿದ್ದು ಇದಕ್ಕಿಂತ ದೊಡ್ಡ ದಡ್ಡತನ. ಹೊಸ ಮರಿಗಳನ್ನು ಹಗಲು ಬಿಟ್ಟರೆ ಹಳೆಯವು ಕುಕ್ಕುತ್ತವೆ, ರಾತ್ರಿ ಕತ್ತಲಲ್ಲಿ ಗೂಡಿಗೆ ಸೇರಿಸಿದರೆ ಬೆಳಿಗ್ಗೆ ಒಂದಾಗಿರುತ್ತವೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಹಾಗೇ ಮಾಡಿದೆ. ಉಪಾಯ ಫಲಿಸಿತು, ಜಗಳವೇ ಆಗಲಿಲ್ಲ. ಒಂದೇ ಗೂಡು, ಒಂದೇ ನೀರಿನ ತಟ್ಟೆ.

ಬುಧವಾರ ಹೊಸದರಲ್ಲಿ ಒಂದು ಸತ್ತಿತು. ಗುರುವಾರ ಮತ್ತೆರಡು. ಬಿಸಿಲು ಜಾಸ್ತಿಯಾಗಿದೆ, ಅದಕ್ಕೇ ಇರಬೇಕು ಅಂದುಕೊಂಡೆವು. ಪೇಟೆಯ ಔಷಧಿ ಅಂಗಡಿಯಲ್ಲಿ ಹೇಳಿದಾಗ ನೀರಿಗೆ ಬೆರೆಸಲು ಒಂದು ಆ್ಯಂಟಿಬಯಾಟಿಕ್ ಪುಡಿ ಕೊಟ್ಟರು. ಪಕ್ಕದ ಮನೆಯವರು ಈರುಳ್ಳಿ, ಅರಿಶಿನ ಅಂದರು. ಎಲ್ಲವನ್ನೂ ಹಾಕಿದೆವು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಯಾವ ಕೋಳಿಯೂ ಎಂದಿನಂತೆ ನುಗ್ಗಿ ಹೊರಗೆ ಬರಲಿಲ್ಲ. ಬಗ್ಗಿ ನೋಡಿದರೆ ಅವ್ವನ ಹಳೇ ಹೇಂಟೆ ಬಾಯಿ ತೆರೆದುಕೊಂಡು ಕುತ್ತಿಗೆ ಚಾಚಿ ಚಾಚಿ ಉಸಿರು ಎಳೆಯುತ್ತಿತ್ತು. ಒಂದೊಂದು ಉಸಿರಿಗೂ ಗೊರಗೊರ ಸದ್ದು. ಎತ್ತಿಕೊಂಡರೆ ಬಾಯಿಂದ ಲೋಳೆ ಇಳಿಯಿತು. ಇನ್ನೊಂದು ಕೋಳಿ ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಚಿ ಆಕಾಶ ನೋಡುತ್ತಾ ಗಿರ್ರನೆ ಸುತ್ತುತ್ತಿತ್ತು. ಮುಂದಿದ್ದ ಕಾಳನ್ನು ಕುಕ್ಕಲು ಹೋದರೆ ಕೊಕ್ಕು ಒಂದು ಗೇಣು ಆಚೆ ನೆಲಕ್ಕೆ ಬಡಿಯುತ್ತಿತ್ತು. ಅದನ್ನು ನೋಡಲಾಗದೆ ಅವ್ವ ಒಳಗೆ ಹೋದಳು.

ಅವತ್ತೇ ಒಂದು ಸತ್ತ ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆ. ಇದನ್ನು ಬುಧವಾರವೇ ಮಾಡಬೇಕಿತ್ತು. ಡಾಕ್ಟರು ಹಿಂದುಗಡೆ ಗೋಣಿಚೀಲದ ಮೇಲಿಟ್ಟು ಕೊಯ್ದರು. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಚೀಲ ಇರುತ್ತದಲ್ಲ, ಅದಕ್ಕಿಂತ ಸ್ವಲ್ಪ ಮೇಲಿನ ಭಾಗವನ್ನು ಸೀಳಿ ತೋರಿಸಿದರು. ಒಳಗೋಡೆಯಲ್ಲಿ ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆಗಳು, ಸಾಲಾಗಿ. ‘ಕೊಕ್ಕರೆ ರೋಗ’ ಅಂದರು. ರಾಣಿಖೇತ್ ಅನ್ನುವುದೂ ಇದಕ್ಕೇ. ಹಕ್ಕಿಜ್ವರದಲ್ಲೂ ಹೀಗೇ ಸಾಲಾಗಿ ಸಾಯುತ್ತವೆ, ಆದ್ದರಿಂದ ಮನೆಯಲ್ಲೇ ಕೂತು ಇದೇ ರೋಗ ಅಂತ ತೀರ್ಮಾನ ಮಾಡಬೇಡಿ, ಒಟ್ಟೊಟ್ಟಿಗೆ ಸಾಯುತ್ತಿದ್ದರೆ ಮೊದಲು ನಮಗೆ ತಿಳಿಸಿ ಅಂತಲೂ ಗದರಿದರು.

ಪುಡಿಯ ವಿಷಯ ಕೇಳಿದೆ. ಇದು ವೈರಸ್, ಆ್ಯಂಟಿಬಯಾಟಿಕ್ ಇದನ್ನು ಮುಟ್ಟುವುದೂ ಇಲ್ಲ. ಬಂದ ಮೇಲೆ ಔಷಧಿಯೇ ಇಲ್ಲ. ಮೈಗೆ ಸೇರಿ ಸಾಮಾನ್ಯವಾಗಿ ಐದಾರು ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಎರಡೇ ದಿನಕ್ಕೆ, ಕೆಲವೊಮ್ಮೆ ಹದಿನೈದಕ್ಕೆ. ಅಂದರೆ ಕೊಳ್ಳುವಾಗ ಗೆಲುವಾಗಿ ಓಡಾಡುತ್ತಿದ್ದ ಮರಿಯೊಳಗೂ ರೋಗ ಇರಬಹುದು.

ಇನ್ನು ‘ಇಂಜೆಕ್ಷನ್ ಎಲ್ಲಾ ಆಗಿದೆ’ ಅನ್ನುವ ಮಾತು. ಇದರ ಸುಳ್ಳು ಹಿಡಿಯೋದು ಎಷ್ಟು ಸುಲಭ ಅಂತ ಆಗಲೇ ಗೊತ್ತಿದ್ದಿದ್ದರೆ! ಮರಿಗೆ ಐದರಿಂದ ಏಳು ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಬಿಡುತ್ತಾರೆ. ಎಫ್ ಒನ್ ಅಥವಾ ಲಸೋಟ. ನಾಲ್ಕನೇ ವಾರದ ಹೊತ್ತಿಗೆ ಇನ್ನೊಂದು ಸಲ ಲಸೋಟ. ಇಂಜೆಕ್ಷನ್ ಬರುವುದು ಆಮೇಲೆ, ಎಂಟು ವಾರ ತುಂಬಿದ ಮೇಲೆ. ಅದರ ಹೆಸರು ಆರ್‌ಟುಬಿ. ಅದು ಸ್ವಲ್ಪ ಜೋರಿನ ಲಸಿಕೆ, ಚಿಕ್ಕ ಮರಿಗೆ ಕೊಟ್ಟರೆ ಲಸಿಕೆಯೇ ಕಾಯಿಲೆ ತರಿಸಬಹುದು. ನಲವತ್ತೈದು ದಿನದ ಮರಿಗೆ ಇನ್ನೂ ಏಳು ವಾರವೂ ಆಗಿರುವುದಿಲ್ಲ. ಇಂಜೆಕ್ಷನ್ ಮುಗಿದಿದೆ ಅಂದರೆ ಒಂದೋ ವಯಸ್ಸು ಸುಳ್ಳು, ಇಲ್ಲವೇ ಇಂಜೆಕ್ಷನ್ ಸುಳ್ಳು. ಮಾರುವವರನ್ನು ‘ಯಾವ ಲಸಿಕೆ, ಎಷ್ಟನೇ ದಿನಕ್ಕೆ, ಕಣ್ಣಿಗೋ ಇಂಜೆಕ್ಷನ್ನೋ’ ಅಂತ ಮೂರು ಪ್ರಶ್ನೆ ಕೇಳಿ. ನಿಜವಾಗಿ ಹಾಕಿಸಿದವನು ತಡವರಿಸದೆ ಹೇಳುತ್ತಾನೆ. ನನಗೆ ಕೊಟ್ಟವನ ಫೋನ್ ನಂಬರ್ ಕೂಡ ಇತ್ತು. ಆ ಶನಿವಾರದಿಂದ ಸ್ವಿಚ್ ಆಫ್.

ನಾಟಿ ಅನ್ನುವುದೂ ಸುಳ್ಳೇ. ಡಾಕ್ಟರು ಫೋಟೋ ನೋಡಿ ಯಾವುದೋ ಮಿಶ್ರತಳಿ ಅಂದರು. ಮಿಶ್ರತಳಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ತಯಾರಾದ ಗಿರಿರಾಜ, ಸ್ವರ್ಣಧಾರ ಸಾಕಿ ಚೆನ್ನಾಗಿರುವವರು ನಮ್ಮಲ್ಲೇ ಇದ್ದಾರೆ. ಮೈ ಬರುತ್ತದೆ, ಮೊಟ್ಟೆಯೂ ಜಾಸ್ತಿ. ಆದರೆ ಅಂಥವು ನಾಟಿ ಹೇಂಟೆಯ ಹಾಗೆ ಕಾವಿಗೆ ಕೂರುವುದಿಲ್ಲ. ಮರಿ ಮಾಡಿಸೋಣ ಅಂತ ನಾಟಿ ಬೆಲೆ ಕೊಟ್ಟು ತಂದವನಿಗೆ ಅದು ಮೋಸವೇ.

ಈಗ ಹೇಳಲು ಕಷ್ಟವಾಗುವ ಭಾಗ. ಗುರುವಾರ, ಇನ್ನೂ ಬಿಸಿಲಿನ ಸಾವು ಅಂದುಕೊಂಡಿದ್ದಾಗ, ನಾನು ಜಗಳೂರು ಕಡೆಗೆ ಹೋಗುವುದಿತ್ತು. ತಂಗಿಯನ್ನು ಅಲ್ಲೇ ಸೋದರಮಾವನ ಮನೆಗೇ ಕೊಟ್ಟಿದ್ದೇವೆ. ಅವಳ ಮನೆಯಲ್ಲಿ ಹುಂಜ ಇಲ್ಲ ಅಂತ ನಮ್ಮ ಹಳೇ ಹುಂಜಗಳಲ್ಲಿ ಒಂದನ್ನು ಕಾಲು ಕಟ್ಟಿ ಬೈಕಿನಲ್ಲಿ ಒಯ್ದು ಕೊಟ್ಟು ಬಂದೆ. ಹುಂಜ ಗಟ್ಟಿಮುಟ್ಟಾಗಿತ್ತು, ಹೋದ ತಕ್ಷಣ ಕೂಗಿ ಅಂಗಳವನ್ನೆಲ್ಲ ತನ್ನದು ಮಾಡಿಕೊಂಡಿತು. ಸೋಮವಾರ ಅದು ಸತ್ತಿತು. ಮುಂದಿನ ವಾರದೊಳಗೆ ಅವಳ 14 ಕೋಳಿಯೂ ಹೋದವು. ಅವ್ವನ ತವರಿನ ತಳಿ ತವರಲ್ಲೇ ಇಲ್ಲವಾಯಿತು. ಗೂಡ್ಸ್ ಆಟೋದವನು ನನಗೆ ಏನು ಮಾಡಿದನೋ, ತಂಗಿಗೆ ನಾನು ಅದನ್ನೇ ಮಾಡಿದೆ. ನಾನು ದುಡ್ಡು ತಗೊಂಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ದಿನಗಳಲ್ಲಿ ಇನ್ನೊಂದು ಸಲಹೆಯೂ ಬಂತು. ‘ಇರೋವನ್ನ ಬೇಗ ಮಾರಿಬಿಡು ಮಾರಾಯ, ಅರ್ಧ ರೇಟಿಗೆ ಯಾರಾದ್ರೂ ತಗೋತಾರೆ.’ ಹೇಳಿದವರು ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಹಾಗೆ ಅರ್ಧ ರೇಟಿಗೆ ಹೋದ ಕೋಳಿಯೇ ಸಂತೆ, ಆಟೋ ಎಲ್ಲ ಸುತ್ತಿ ಇನ್ನೊಬ್ಬನ ಹಿತ್ತಲಿಗೆ ಬರುವುದು. ನಮ್ಮ ಹತ್ತು ಮರಿ ಎಲ್ಲಿಂದ ಬಂದವೋ ಯಾರಿಗೆ ಗೊತ್ತು. ನಾವು ಮಾರಲಿಲ್ಲ. ಬಾವಿಯಿಂದ ದೂರ, ನಾಯಿ ಕೆದರದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡೇ ಮಾಡಿ. ಮನುಷ್ಯರಿಗೆ ಇದರಿಂದ ದೊಡ್ಡ ಅಪಾಯ ಇಲ್ಲವಾದರೂ ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಕಣ್ಣು ಕೆಂಪಾಗಿ ಉರಿಯುತ್ತದೆ. ನನಗೆ ಆಯಿತು, ಅಂಗಡಿಯಲ್ಲಿ ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡು ಜೆರಾಕ್ಸ್ ತೆಗೆದೆ.

ಗೂಡಿನ ಹೊಟ್ಟನ್ನೆಲ್ಲ ಬಾಚಿ ಸುಟ್ಟೆವು. ನೆಲಕ್ಕೆ, ಗೋಡೆಗೆ ಸುಣ್ಣ ಬಳಿದೆವು. ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಗೂಡನ್ನು ಎರಡು ತಿಂಗಳು ಖಾಲಿ ಬಿಟ್ಟೆವು. ಉಳಿದ ಮೂರು ಕೋಳಿ ಅಷ್ಟು ದಿನ ಹಳೇ ದನದ ಕೊಟ್ಟಿಗೆಯಲ್ಲಿದ್ದವು.

ಲಸಿಕೆ ಮೊದಲೇ ಯಾಕೆ ಹಾಕಿಸಿರಲಿಲ್ಲ ಅಂತ ಕೇಳಬಹುದು. ಹಿತ್ತಲಲ್ಲಿ ಹತ್ತಿಪ್ಪತ್ತು ಸಾಕುವವರೆಲ್ಲರ ಸಮಸ್ಯೆ ಇದು. ಲಸಿಕೆ ಬರುವುದು ನೂರು ಕೋಳಿಗೋ ಅದಕ್ಕಿಂತ ಜಾಸ್ತಿಗೋ ಆಗುವಂಥ ಸೀಸೆಯಲ್ಲಿ. ಒಳಗಿನ ಒಣ ಬಿಲ್ಲೆಗೆ ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಖಾಲಿ ಮಾಡಬೇಕು. ನಾಳೆಗೆ ಅಂತ ಎತ್ತಿಡೋಕೆ ಬರಲ್ಲ. ಇಪ್ಪತ್ತು ಕೋಳಿಗೆ ಯಾಕೆ ಒಡೆಸೋದು ಅಂತ ಎಲ್ಲರೂ ಸುಮ್ನಿದ್ದುಬಿಡುತ್ತೇವೆ. ಈಗ ನಮ್ಮ ಕೇರಿಯ 11 ಮನೆಯವರು ಸೇರಿ ಒಂದು ದಿನ ಗೊತ್ತು ಮಾಡಿಕೊಂಡಿದ್ದೇವೆ. ಹಿಂದಿನ ದಿನ ಆಸ್ಪತ್ರೆಗೆ ಹೇಳಿರುತ್ತೇವೆ. ಅವತ್ತು ಬೆಳಗಿನ ಜಾವ ಯಾರೂ ಗೂಡಿನ ಬಾಗಿಲು ತೆಗೆಯುವಂತಿಲ್ಲ. ಸೀಸೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಇಟ್ಟುಕೊಂಡು ಮನೆಯಿಂದ ಮನೆಗೆ ಹೋಗುವುದು. ಒಬ್ಬರು ಮರಿ ಹಿಡಿಯುವುದು, ಒಬ್ಬರು ಹನಿ ಬಿಡುವುದು. ಹನಿ ಬಿದ್ದ ಮೇಲೆ ಮರಿ ಕಣ್ಣು ಪಿಳುಕಿಸುವ ತನಕ ಕೆಳಗೆ ಬಿಡಬಾರದು, ಇಲ್ಲದಿದ್ದರೆ ತಲೆ ಕೊಡವಿ ಹನಿ ಆಚೆ ಚೆಲ್ಲುತ್ತದೆ. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಿ ಉಪಯೋಗವಿಲ್ಲ. ಗೆಲುವಾಗಿರುವಾಗಲೇ ಹಾಕಿಸಬೇಕು.

ಹೊಸ ಕೋಳಿ ತಂದರೆ, ಯಾರೇ ಕೊಟ್ಟಿರಲಿ, ಸ್ವಂತ ಅಕ್ಕನೇ ಕೊಟ್ಟಿರಲಿ, 21 ದಿನ ಬೇರೆ ಇಡಿ. ಬೇರೆ ಅಂದರೆ ಅದೇ ಗೂಡಿನ ಇನ್ನೊಂದು ಮೂಲೆ ಅಲ್ಲ. ಮನೆಯ ಆ ಕಡೆ ಒಂದು, ಈ ಕಡೆ ಒಂದು. ತಟ್ಟೆ ಬೇರೆ. ಕಾಳು ಹಾಕುವಾಗ ಹಳೆಯವಕ್ಕೆ ಮೊದಲು, ಹೊಸವಕ್ಕೆ ಕೊನೆಗೆ. ಚಪ್ಪಲಿಗೆ ಅಂಟಿದ ಹಿಕ್ಕೆಯಿಂದಲೂ ಬರುತ್ತದೆ ಅಂದ ಮೇಲೆ ನಾನು ಹುಣಸೆಮರದ ಬುಡದಲ್ಲಿ ಹಳೇ ಜೊತೆ ಚಪ್ಪಲಿ ಇಟ್ಟಿದ್ದೇನೆ. ಆ ಕಡೆಗೆ ಹೋಗುವಾಗ ಅದನ್ನೇ ಹಾಕಿಕೊಳ್ಳುವುದು. ಊರವರು ನಗುತ್ತಾರೆ. ‘ಆಪರೇಶನ್ ಥಿಯೇಟರ್’ ಅಂತ ಹೆಸರಿಟ್ಟಿದ್ದಾರೆ.

ಉಳಿದ ಮೂರರಲ್ಲಿ ಒಂದು ಹುಂಜ, ಎರಡು ಹೇಂಟೆ. ಒಂದು ಹೇಂಟೆ ಜೇನು ಕುತ್ತಿಗೆಯದು. ರೋಗ ಹೋದರೂ ಕತ್ತು ಇವತ್ತಿಗೂ ಸ್ವಲ್ಪ ಓರೆ. ಕಾಳು ಕುಕ್ಕುವಾಗ ಒಂದು ಸಲ ಗುರಿ ತಪ್ಪಿಸಿಕೊಂಡು ಎರಡನೇ ಸಲಕ್ಕೆ ಹಿಡಿಯುತ್ತದೆ. ಹೋದ ತಿಂಗಳು ಅದೇ ಕಾವಿಗೆ ಕೂತಿತು. ಒಂಬತ್ತು ಮೊಟ್ಟೆ ಇಟ್ಟಿದ್ದೆವು, ಆರು ಪಿಳ್ಳೆ ಒಡೆದವು. ಏಳನೇ ದಿನ ಹನಿ ಬಿಡುವಾಗ ಒಂದೊಂದನ್ನೂ ಅವ್ವನೇ ಸೆರಗಿನಲ್ಲಿ ಹಿಡಿದುಕೊಂಡಿದ್ದಳು.

ಮೊನ್ನೆ ತಂಗಿಗೆ ಫೋನ್ ಮಾಡಿ, ಇದರಲ್ಲಿ ಎರಡು ನಿನಗೆ ಕಳಿಸಲಾ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇಂಜೆಕ್ಷನ್ ಆಗ್ಲಿ ಅಣ್ಣ, ನೋಡೋಣ’ ಅಂದಳು.

ಆರ್‌ಟುಬಿಗೆ ಇನ್ನೂ ಐದು ವಾರ ಇದೆ.