ಹಳ್ಳಿಯ ಬೇಸಿಗೆ ಸಂಗೀತೋತ್ಸವಕ್ಕೆ ಟಿಕೆಟ್ ಕೊಳ್ಳುವ ಮುನ್ನ ನೀರು ಮತ್ತು ದಾರಿಯ ವಿಚಾರ ಕೇಳಿ

ಪ್ರಕೃತಿಯ ಮಡಿಲಲ್ಲಿ ಊರಿನವರೊಂದಿಗೆ ಬೆರೆತು, ನಾನಾ ಪ್ರಕಾರಗಳ ಕಲಾವಿದರನ್ನು ಒಂದೇ ವೇದಿಕೆಯಲ್ಲಿ ಕೇಳಬಹುದೆಂಬ ಪ್ರಚಾರವನ್ನು ನೋಡಿ ನಾವು ಕೆಲವು ಗೆಳೆಯರು ಹಳ್ಳಿಯೊಂದರ ಬಯಲಿನಲ್ಲಿ ನಡೆದ ಮೂರು ದಿನಗಳ ಬೇಸಿಗೆ ಉತ್ಸವಕ್ಕೆ ಹೋಗಿದ್ದೆವು. ಎರಡನೆಯ ದಿನದ ರಾತ್ರಿಯೇ ಅಲ್ಲಿಂದ ಹೊರಟು ಬರಬೇಕಾಯಿತು. ಹಾಡಿದವರ, ನುಡಿಸಿದವರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ವೇದಿಕೆಯ ಮುಂದೆ ನಿಂತಿದ್ದ ಸಾವಿರಾರು ಜನರ ಪ್ರಾಣದ ಬಗ್ಗೆ ಸಂಘಟಕರಿಗಿದ್ದ ಉದಾಸೀನವೇ ಈ ಬರಹಕ್ಕೆ ಕಾರಣ.

ಪರಿಸರಸ್ನೇಹಿ ಉತ್ಸವವಾದ್ದರಿಂದ ಪ್ಲಾಸ್ಟಿಕ್ ಬಾಟಲಿಗಳಿಗೆ ಪ್ರವೇಶವಿಲ್ಲ, ಖಾಲಿ ಲೋಹದ ಬಾಟಲಿ ತಂದು ಒಳಗೆ ನೀರು ತುಂಬಿಸಿಕೊಳ್ಳಬೇಕು ಎಂದು ಮೊದಲೇ ತಿಳಿಸಿದ್ದರು. ಉದ್ದೇಶ ಒಳ್ಳೆಯದೇ. ಬಾಗಿಲಲ್ಲಿ ತುಂಬಿದ ಬಾಟಲಿಗಳನ್ನೆಲ್ಲ ಕಸಿದುಕೊಂಡ ಮೇಲೆ ಒಳಗೆ ಇದ್ದದ್ದು ಬಿಸಿಲಲ್ಲಿ ನಿಂತ ಒಂದು ಟ್ಯಾಂಕರ್, ಅದಕ್ಕೆ ಜೋಡಿಸಿದ ಒಂದು ಪೈಪು, ಆ ಪೈಪಿಗೆ ಸಾಲಾಗಿ ಕೂರಿಸಿದ ನಲ್ಲಿಗಳು. ಅವುಗಳಲ್ಲಿ ಅರ್ಧದಷ್ಟು ತೊಟ್ಟಿಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನಲ್ಲಿಯ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಲಾಗದೆ ಜನ ಕರವಸ್ತ್ರ ಸುತ್ತಿ ತಿರುಗಿಸುತ್ತಿದ್ದರು. ಬರುತ್ತಿದ್ದ ನೀರೂ ಬಿಸಿ. ಸಾಲು ಬಯಲಿನ ಅಂಚಿನವರೆಗೆ ಬೆಳೆದಿತ್ತು, ಸಾಲಿನ ಮೇಲೆ ಒಂದು ತುಂಡು ನೆರಳೂ ಇರಲಿಲ್ಲ. ಅಂದರೆ ಬಾಯಾರಿದವರು ನೀರಿಗಾಗಿ ಕಾಯುತ್ತಲೇ ಇನ್ನಷ್ಟು ಬೆವರು ಕಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಟ್ಯಾಂಕರ್ ಬರಿದಾಯಿತು. ಎರಡನೆಯ ಟ್ಯಾಂಕರ್ ಎಲ್ಲಿ ಎಂದು ಕೇಳಿದಾಗ, ಅದು ಹಳ್ಳಿಯ ದಾರಿಯಲ್ಲಿ ಪ್ರೇಕ್ಷಕರ ಕಾರುಗಳ ನಡುವೆ ಸಿಕ್ಕಿಕೊಂಡಿದೆ ಎಂಬ ಉತ್ತರ ಬಂತು.

ಬಯಲಿಗೆ ಇದ್ದದ್ದು ಆ ಒಂದೇ ದಾರಿ. ಎದುರು ಬದುರಾಗಿ ಎರಡು ಕಾರುಗಳು ಬಂದರೆ ಒಂದು ಹಿಂದಕ್ಕೆ ಸರಿಯಬೇಕಾದಷ್ಟು ಕಿರಿದು. ಬರುವವರು, ಹೋಗುವವರು, ನೀರು, ಜನರೇಟರಿನ ಡೀಸೆಲ್, ಕಲಾವಿದರ ವಾಹನಗಳು, ಎಲ್ಲವೂ ಅದರಲ್ಲೇ. ಆಂಬುಲೆನ್ಸ್ ಕೂಡ.

ಅದರ ಪರಿಣಾಮವನ್ನು ನಾವು ಕಣ್ಣಾರೆ ಕಂಡೆವು. ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಯುವತಿಯೊಬ್ಬರು ಅಸಂಬದ್ಧವಾಗಿ ಮಾತಾಡತೊಡಗಿ, ಹಾಗೆಯೇ ಕುಸಿದು ಕುಳಿತರು. ಪ್ರಥಮ ಚಿಕಿತ್ಸೆಯ ಡೇರೆಯಲ್ಲಿದ್ದ ಸ್ವಯಂಸೇವಕರು ಜ್ವರದ ಮಾತ್ರೆ ತಂದರು. ಪುಣ್ಯಕ್ಕೆ ಪ್ರೇಕ್ಷಕರ ನಡುವೆ ನರ್ಸ್ ಒಬ್ಬರಿದ್ದರು. ಅವರು ಮಾತ್ರೆಯನ್ನು ಪಕ್ಕಕ್ಕಿರಿಸಿ, ಆಕೆಯನ್ನು ವೇದಿಕೆಯ ಹಿಂದಿನ ನೆರಳಿಗೆ ಸಾಗಿಸಿ, ಮೈಮೇಲಿನ ಬಟ್ಟೆಯನ್ನೆಲ್ಲ ತೋಯಿಸಿ, ಸಿಕ್ಕ ರಟ್ಟುಗಳಿಂದ ಎಡೆಬಿಡದೆ ಗಾಳಿ ಬೀಸಿಸಿದರು. ಬಿಸಿಲಿನ ಆಘಾತದಲ್ಲಿ ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ. ಅದು ಸೋಂಕಿನಿಂದ ಬಂದ ಜ್ವರವಲ್ಲವಾದ್ದರಿಂದ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ, ತಕ್ಷಣ ಮೈ ತಂಪಾಗಿಸುವುದೊಂದೇ ದಾರಿ. ಬಿಸಿಲಲ್ಲಿರುವವರ ಮಾತು ತಡವರಿಸಿದರೆ, ನಡಿಗೆ ತೂರಾಡಿದರೆ ಕುಡಿದಿದ್ದಾರೆ ಎಂದುಕೊಂಡು ನಕ್ಕು ಮುಂದೆ ಹೋಗಬೇಡಿ. ಆಂಬುಲೆನ್ಸ್ ಬಯಲಿನವರೆಗೆ ಬರಲೇ ಇಲ್ಲ. ಆಕೆಯನ್ನು ಹೊತ್ತುಕೊಂಡು ಮುಖ್ಯ ರಸ್ತೆಯವರೆಗೆ ನಡೆಯಬೇಕಾಯಿತು. 1969ರಲ್ಲಿ ಅಮೆರಿಕದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ರಸ್ತೆಗಳು ಕಟ್ಟಿಕೊಂಡು ಕಲಾವಿದರನ್ನು ಹೆಲಿಕಾಪ್ಟರಿನಲ್ಲಿ ಕರೆತಂದದ್ದನ್ನು ಇಂದಿಗೂ ರಮ್ಯ ಕಥೆಯಂತೆ ಹೇಳುವವರಿದ್ದಾರೆ. ಸಣ್ಣ ಉತ್ಸವದ ಸಂಘಟಕರ ಬಳಿ ಹೆಲಿಕಾಪ್ಟರ್ ಇರುವುದಿಲ್ಲ ಎಂಬುದನ್ನು ಅವರು ನೆನಪಿಡಬೇಕು.

ಎರಡನೆಯ ದಿನ ಸಂಜೆ ಮೋಡ ಕವಿದಾಗ ಎಲ್ಲರೂ ಸಂತೋಷಪಟ್ಟರು. ಮಿಂಚಿದ ಸ್ವಲ್ಪ ಹೊತ್ತಿಗೇ ಗುಡುಗು ಕೇಳಿಸುತ್ತಿದ್ದರೂ ವಾದನ ನಿಲ್ಲಲಿಲ್ಲ. ಮಿಂಚಿಗೂ ಗುಡುಗಿಗೂ ನಡುವಿನ ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು ಸುಮಾರು 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಬಯಲನ್ನು ತೆರವು ಮಾಡಿ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಯಾರನ್ನೂ ಮರಳಿ ಬಿಡಬಾರದು. ಇಲ್ಲಿ ಮಳೆ ಬಿದ್ದ ಮೇಲೆ ಧ್ವನಿವರ್ಧಕದಲ್ಲಿ ಬಂದ ಸೂಚನೆ ಏನು ಗೊತ್ತೇ? ‘ದಯವಿಟ್ಟು ಮರಗಳ ಕೆಳಗೆ ನಿಲ್ಲಿ.’ ಸಿಡಿಲಿನ ಹೊತ್ತಿನಲ್ಲಿ ಒಂಟಿ ಮರದಡಿ ನಿಲ್ಲಬಾರದೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಇನ್ನು ಕೆಲವರು ಸ್ಪೀಕರುಗಳನ್ನು ತೂಗುಹಾಕಿದ್ದ ಕಬ್ಬಿಣದ ಗೋಪುರಗಳ ಬುಡದಲ್ಲಿ ಗುಂಪುಗೂಡಿದರು, ಗಾಳಿಗೆ ಆ ಗೋಪುರಗಳು ಓಲಾಡುತ್ತಿದ್ದವು. 2011ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಪುಕೆಲ್‌ಪಾಪ್ ಉತ್ಸವದ ಮೇಲೆ ಇಂಥದೇ ಹಠಾತ್ ಬಿರುಗಾಳಿ ಎರಗಿ ವೇದಿಕೆಯ ರಚನೆಗಳೂ ಮರಗಳೂ ಉರುಳಿ 5 ಜನ ಸತ್ತರು. ಡೇರೆಯ ಬಟ್ಟೆ ಸಿಡಿಲನ್ನು ತಡೆಯುವುದಿಲ್ಲ. ಗಟ್ಟಿ ಕಟ್ಟಡ ಹತ್ತಿರವಿಲ್ಲದಿದ್ದರೆ ಲೋಹದ ಛಾವಣಿಯ ಕಾರಿನೊಳಗೆ ಕಿಟಕಿ ಏರಿಸಿ ಕೂರುವುದೇ ಲೇಸು. ನಾವು ಹಾಗೆಯೇ ಮಾಡಿದೆವು, ಮಳೆ ನಿಂತ ಮೇಲೆ ಕೆಸರಿನಿಂದ ಕಾರನ್ನು ತಳ್ಳಿಕೊಂಡು ಹೊರಬಂದೆವು.

ಪ್ರಕಟಿಸಿದ್ದ ಕಲಾವಿದರಲ್ಲಿ ಹಲವರು ಬರಲಿಲ್ಲ. ಅದನ್ನು ಸಹಿಸಬಹುದಿತ್ತು. ಆದರೆ ಎಲ್ಲ ಕಲೆಗಳಿಗೂ ಸಮಾನ ಸ್ಥಾನ ಎಂದು ಸಾರಿದವರು ಅದೇ ಹಳ್ಳಿಯ ವಾದ್ಯಗಾರರನ್ನು ಸುಡುಬಿಸಿಲಿನ ಹೊತ್ತಿಗೆ, ಛಾವಣಿಯಿಲ್ಲದ ಸಣ್ಣ ವೇದಿಕೆಯಲ್ಲಿ ನುಡಿಸಲು ಕೂರಿಸಿದ್ದರು.

2017ರಲ್ಲಿ ಬಹಾಮಾಸ್‌ನಲ್ಲಿ ನಡೆಯಬೇಕಿದ್ದ ಫೈರ್ ಉತ್ಸವದ ಸಂಘಟಕ ವಂಚನೆಗಾಗಿ 6 ವರ್ಷಗಳ ಸೆರೆವಾಸದ ಶಿಕ್ಷೆ ಪಡೆದ. ನಮ್ಮ ಸಂಘಟಕರು ಅಂಥವರಲ್ಲ, ಸಂಗೀತದ ಮೇಲೆ ನಿಜವಾದ ಪ್ರೀತಿಯಿದ್ದವರೇ. ನನಗೆ ಹೆಚ್ಚು ಭಯವಾಗುವುದು ಇಂಥವರ ಬಗ್ಗೆಯೇ, ಏಕೆಂದರೆ ಅವರ ಒಳ್ಳೆಯ ಮಾತು ಕೇಳಿದವರಿಗೆ ಆಂಬುಲೆನ್ಸಿನ ವಿಚಾರ ಕೇಳಲು ಸಂಕೋಚವಾಗುತ್ತದೆ. ಸಂಕೋಚ ಬೇಡ. ಕುಡಿಯುವ ನೀರು ಎಷ್ಟು ಕಡೆ ಸಿಗುತ್ತದೆ, ತುರ್ತು ವಾಹನಕ್ಕೆ ಬೇರೆ ದಾರಿ ಇದೆಯೇ, ಸ್ಥಳದಲ್ಲಿ ವೈದ್ಯರಿರುತ್ತಾರೆಯೇ, ಬಿರುಗಾಳಿ ಬಂದರೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದು ಎಂದು ಟಿಕೆಟ್ ಕೊಳ್ಳುವ ಮೊದಲೇ ಬರೆದು ಕೇಳಿ. ಹಾರಿಕೆಯ ಉತ್ತರ ಬಂದರೆ ಹೋಗಬೇಡಿ.

ಪ್ರಚಾರದ ಪುಟವನ್ನೂ ಹಣ ಮರುಪಾವತಿಯ ನಿಯಮಗಳನ್ನೂ ಹಣ ಕೊಡುವ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾವು ದೂರು ಕಳುಹಿಸುವಷ್ಟರಲ್ಲಿ ಅವರ ಪುಟದಿಂದ ‘ಧಾರಾಳ ಕುಡಿಯುವ ನೀರು, ದಿನವಿಡೀ ವೈದ್ಯಕೀಯ ನೆರವು’ ಎಂಬ ಸಾಲು ಮಾಯವಾಗಿತ್ತು. ನಮ್ಮ ಗೆಳೆಯರೊಬ್ಬರ ಫೋನಿನಲ್ಲಿ ಅದರ ಚಿತ್ರ ಉಳಿದಿದ್ದರಿಂದ ಮಾತ್ರ, ಬಹಳ ಪತ್ರವ್ಯವಹಾರದ ನಂತರ, ಅರ್ಧ ಹಣ ಮರಳಿ ಬಂತು.